ಹೊಟ್ಟೆ ತುಂಬಿದೆ, ಬೆನ್ನುಮೂಳೆ ಎದ್ದಿದೆ: ಹೊಲದಲ್ಲಿ ಉಳಿದ ಸೊಪ್ಪೆ, ಬಳ್ಳಿ, ಎಲೆಗಳನ್ನು ಕುರಿಗಳಿಗೆ ಹೇಗೆ ಹಾಕಬೇಕು?

ಹೊಸಹಟ್ಟಿ:

ಎಲ್ಲರಿಗೂ ನಮಸ್ಕಾರ. ಅಪ್ಪ ನೋಡಿಕೊಳ್ಳುತ್ತಿದ್ದ ಹಿಂಡು ಕಳೆದ ವರ್ಷದಿಂದ ನನ್ನ ಕೈಗೆ ಬಂದಿದೆ. 38 ಹೆಣ್ಣು ಕುರಿ, 2 ಟಗರು. ಹೆಣ್ಣು ಕುರಿಗಳು ಹೆಚ್ಚುಕಡಿಮೆ 35 ಕೆಜಿ ತೂಗುತ್ತವೆ. ಬಯಲಿನ ಹುಲ್ಲು ಒಣಗಿ ಎರಡು ತಿಂಗಳಾಯಿತು. ಬೆಳಿಗ್ಗೆ ಬಿಟ್ಟರೆ ನಡೆದು ನಡೆದು ಸುಸ್ತಾಗಿ ಸಂಜೆಗೆ ಬರುತ್ತವೆ, ಬಾಯಿಗೆ ಸಿಗುವುದು ಏನೂ ಇಲ್ಲ. ಹಾಗಾಗಿ ರಾತ್ರಿ ಹಟ್ಟಿಯಲ್ಲಿ ಮೆಕ್ಕೆಜೋಳದ ಸೊಪ್ಪೆ (ತೆನೆ ಮುರಿದ ಮೇಲೆ ಉಳಿಯುವ ಒಣ ದಂಟು, ಎಲೆ), ಭತ್ತದ ಹುಲ್ಲು ಬೇಕಾದಷ್ಟು ಹಾಕುತ್ತಿದ್ದೇನೆ. ಹೊಟ್ಟೆ ನೋಡಿದರೆ ಡೋಲಿನ ಹಾಗೆ ತುಂಬಿರುತ್ತದೆ. ಆದರೆ ಮೈಮೇಲೆ ಕೈಯಿಟ್ಟರೆ ಬರೀ ಮೂಳೆ.

ಈ ಸಲ ಮೊದಲು ಈದ 6 ಕುರಿಗಳಿಂದ 7 ಮರಿ ಬಂದವು. ಎರಡು ಮರಿ ಎರಡೇ ದಿನಕ್ಕೆ ಹೋದವು. ಎದ್ದು ನಿಂತು ಮೊಲೆ ಹುಡುಕುವ ಶಕ್ತಿಯೇ ಅವಕ್ಕೆ ಇರಲಿಲ್ಲ. ತಾಯಿಯ ಕೆಚ್ಚಲೂ ಜೋತುಬಿದ್ದ ಚೀಲದ ಹಾಗಿತ್ತು. ಇನ್ನೂ 22 ಕುರಿ ಗಬ್ಬವಾಗಿವೆ, ಎರಡು ವಾರದಿಂದ ಏಳು ವಾರದೊಳಗೆ ಈಯಬೇಕು. ಇದೇ ಮತ್ತೆ ಆಗುತ್ತದೇನೋ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ.

ನನ್ನ ಹತ್ತಿರ ಇರುವುದು ಇಷ್ಟು: ಸೊಪ್ಪೆ ಒಂದು ದೊಡ್ಡ ಬಣವೆ, ಭತ್ತದ ಹುಲ್ಲು ಅರ್ಧ ಬಣವೆ, ಶೇಂಗಾ ಬಳ್ಳಿ ಸುಮಾರು 8 ಕ್ವಿಂಟಲ್, ತೊಗರಿ ಹೊಟ್ಟು 10 ಚೀಲ. ಹಿಂಡಿ (ಎಣ್ಣೆ ತೆಗೆದ ಮೇಲೆ ಉಳಿಯುವ ಗಟ್ಟಿ) ಸ್ವಲ್ಪ ಕೊಳ್ಳಬಹುದು, ಎಲ್ಲ ಕುರಿಗಳಿಗೂ ಕೊಳ್ಳುವ ಶಕ್ತಿ ಇಲ್ಲ. ಪಕ್ಕದ ಹೊಲದವರು 4 ಎಕರೆ ಮೆಕ್ಕೆಜೋಳವನ್ನು ಮಷೀನಿನಲ್ಲಿ ಕಟಾವು ಮಾಡಿದ್ದಾರೆ, "ಕುರಿ ಬಿಟ್ಟುಕೋ, ತೆನೆ ಬೇಕಾದಷ್ಟು ಉದುರಿದೆ" ಎನ್ನುತ್ತಿದ್ದಾರೆ. ಇನ್ನೊಬ್ಬರು ಎಲೆಕೋಸಿನ ಹೊರಗಿನ ಎಲೆ ದಿನಾ ಒಂದು ಗಾಡಿ ಕೊಡಲು ತಯಾರಿದ್ದಾರೆ.

ಇದರಲ್ಲಿ ಯಾವುದನ್ನು, ಯಾರಿಗೆ, ಎಷ್ಟು ಹಾಕಲಿ? ನಾಳೆಯೇ ಕುರಿಗಳನ್ನು ಮೆಕ್ಕೆಜೋಳದ ಹೊಲಕ್ಕೆ ಬಿಡೋಣ ಅಂತಿದ್ದೇನೆ.

ಹಿಂಡಿನ ಹಿಂದೆ:

ತಮ್ಮಾ, ನಾಳೆ ಆ ಹೊಲಕ್ಕೆ ಬಿಡಬೇಡ. ಮಿಕ್ಕಿದ್ದೆಲ್ಲ ಆಮೇಲೆ ಓದು, ಇದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೋ.

ನಾನು ಮದುವೆಯಾಗಿ ಬಂದ ವರ್ಷದಿಂದ ಕುರಿಯ ಹಿಂದೆಯೇ ಇದ್ದೇನೆ. ನನಗೆ ಹೀಗೆ ಆದದ್ದು ಎಂಟನೇ ವರ್ಷದಲ್ಲಿ. ಕಟಾವಾದ ಮೆಕ್ಕೆಜೋಳದ ಹೊಲ, ಹಸಿದ ಕುರಿ, ಬೆಳಿಗ್ಗೆ ಹೊತ್ತು. ಅವು ಸೊಪ್ಪೆಯ ಕಡೆ ತಲೆಯೆತ್ತಿಯೂ ನೋಡಲಿಲ್ಲ, ನೇರ ತೆನೆಗೇ ಬಾಯಿ ಹಾಕಿದವು. ಕಾಳು ಕಟಕಟ ಅಗಿಯುವ ಸದ್ದು ಕೇಳಿ ನನಗೆ ಖುಷಿಯೇ ಆಗಿತ್ತು. ಮಾರನೇ ದಿನ ನಸುಕಿನಲ್ಲಿ ಹೋಗಿ ನೋಡಿದರೆ 5 ಕುರಿ ಮೆಲುಕು ಬಿಟ್ಟು ನಿಂತಿದ್ದವು. ಹಲ್ಲು ಕಡಿಯುತ್ತಿದ್ದವು. ಎಡಪಕ್ಕೆಯನ್ನು ಮುಷ್ಟಿಯಿಂದ ಒತ್ತಿದರೆ ಒಳಗೆ ಕೊಡದಲ್ಲಿ ನೀರು ಕುಲುಕಿದ ಹಾಗೆ ಸದ್ದು. ಹಿಕ್ಕೆ ಹಿಕ್ಕೆಯಾಗಿರಲಿಲ್ಲ, ಬೂದು ಬಣ್ಣದ ನೀರು, ಹುಳಿ ನಾತ. ಸಂಜೆಯೊಳಗೆ 4 ಹೋದವು, ಅದರಲ್ಲಿ 3 ಗಬ್ಬದವು. ಡಾಕ್ಟರ್ ಬರುವ ಹೊತ್ತಿಗೆ ಕೈ ಮೀರಿತ್ತು.

ಕಾಳು ಒಮ್ಮೆಲೇ ಹೊಟ್ಟೆಗೆ ಬಿದ್ದರೆ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಕೆಲವೇ ಗಂಟೆಗಳಲ್ಲಿ ಹುಳಿ ಮಾಡಿಬಿಡುತ್ತವೆ. ಆ ಹುಳಿಗೆ ನಾರು ಅರಗಿಸುವ ಒಳ್ಳೆಯ ಜೀವಿಗಳೇ ಸಾಯುತ್ತವೆ, ಮೈಯೊಳಗಿನ ನೀರೆಲ್ಲ ಹೊಟ್ಟೆಗೆ ಹರಿದು ಕುರಿ ಒಣಗುತ್ತದೆ. ವಾರಗಟ್ಟಲೆ ಬರೀ ಸೊಪ್ಪೆ ತಿಂದ ನಿನ್ನ ಕುರಿಗೆ ಈ ಅಪಾಯ ಇನ್ನೂ ಹೆಚ್ಚು.

ಆ ಹೊಲ ಬೇಡ ಎನ್ನುತ್ತಿಲ್ಲ. ಮೊದಲು ನೀನೂ ಮನೆಯವರೂ ಚೀಲ ಹಿಡಿದು ಸಾಲುಸಾಲಾಗಿ ನಡೆದು ತೆನೆ ಆರಿಸಿಕೊಳ್ಳಿ. ಮಷೀನು ತಿರುಗಿದ ಮೂಲೆಗಳಲ್ಲಿ ಕಾಳು ರಾಶಿಯಾಗಿ ಬಿದ್ದಿರುತ್ತದೆ, ಅಲ್ಲಿ ಬಗ್ಗಿ ನೋಡು. ಆರಿಸಿದ ತೆನೆ ಒಣಗಿಸಿಟ್ಟರೆ ಮುಂದೆ ಮರಿಗಳಿಗೆ ಕೈಯಳತೆಯಲ್ಲಿ ಹಾಕಬಹುದು. ಆಮೇಲೆ ಕುರಿಗೆ ಹಟ್ಟಿಯಲ್ಲಿ ಹೊಟ್ಟೆ ತುಂಬ ಒಣಮೇವು ಕೊಟ್ಟು, ನೀರು ಕುಡಿಸಿ, ಮೊದಲ ದಿನ ಅರ್ಧ ಗಂಟೆ ಮಾತ್ರ ಬಿಡು. ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಹತ್ತು ದಿನಕ್ಕೆ ಪೂರ್ತಿ ಬಿಡುವ ಹಾಗೆ ಮಾಡಿಕೋ. ಕರುಳುಬೇನೆ ಲಸಿಕೆ ಹಾಕಿಸಿ ಎಷ್ಟು ದಿನವಾಯಿತು ನೋಡು. ಮೇವು ಏಕಾಏಕಿ ಪುಷ್ಟಿಯಾದಾಗ ಆ ಬೇನೆ ಬಂದು ಚೆನ್ನಾಗಿ ತಿಂದ ಮರಿಗಳನ್ನೇ ಮೊದಲು ಒಯ್ಯುತ್ತದೆ. ಹಿಂದೆ ಯಾವತ್ತೂ ಹಾಕಿಸದ ಕುರಿಗೆ ಒಂದು ಚುಚ್ಚು ಸಾಲದು, ಕೆಲವು ವಾರ ಬಿಟ್ಟು ಇನ್ನೊಂದು ಬೇಕು.

ಇನ್ನು ನಿನ್ನ ಮೂಲ ಪ್ರಶ್ನೆ. ಹೊಟ್ಟೆ ಡೋಲಿನ ಹಾಗಿದೆ ಅಂದೆಯಲ್ಲ, ಅದರಲ್ಲೇ ರೋಗ ಇದೆ. ಮೆಕ್ಕೆಜೋಳದ ಸೊಪ್ಪೆಯಲ್ಲಾಗಲಿ ಭತ್ತದ ಹುಲ್ಲಿನಲ್ಲಾಗಲಿ ಪ್ರೋಟೀನು 100ಕ್ಕೆ 3ರಿಂದ 5 ಮಾತ್ರ. ಹೊಟ್ಟೆಯ ಸೂಕ್ಷ್ಮಜೀವಿಗಳು ನಾರು ಅರಗಿಸಬೇಕಾದರೆ ಮೇವಿನಲ್ಲಿ ಕನಿಷ್ಠ 7ರಷ್ಟಾದರೂ ಇರಬೇಕು. ಇಲ್ಲದಿದ್ದರೆ ಹುಲ್ಲು ಅಲ್ಲೇ ಕೂತಿರುತ್ತದೆ, ಕರಗುವುದಿಲ್ಲ, ಮುಂದಿನ ತುತ್ತಿಗೆ ಜಾಗ ಬಿಡುವುದಿಲ್ಲ. ಕುರಿ ತುಂಬಿದ ಹೊಟ್ಟೆಯಲ್ಲೇ ಉಪವಾಸ ಬೀಳುತ್ತದೆ. ಅದರ ಮೇಲೆ ಗಬ್ಬದ ಕೊನೆಯ ಆರು ವಾರ. ಕುರಿ ಗಬ್ಬ ಹೊರುವುದು ಐದು ತಿಂಗಳು, ಆದರೆ ಮರಿಯ ತೂಕದ ಮುಕ್ಕಾಲು ಪಾಲು ಈ ಆರು ವಾರದಲ್ಲೇ ಬೆಳೆಯುತ್ತದೆ. ಬೆಳೆದ ಮರಿ ಒಳಗಿಂದ ಹೊಟ್ಟೆಯನ್ನು ಒತ್ತುವುದರಿಂದ ಮೇವಿಗೆ ಜಾಗವೂ ಕಡಿಮೆ. ಜಾಗ ಕಡಿಮೆಯಿರುವಾಗ ಅಲ್ಲಿಗೆ ಸೊಪ್ಪೆ ತುಂಬಿಸಿದರೆ ಕೆಚ್ಚಲಿಗೆ ಹಾಲು ಎಲ್ಲಿಂದ ಇಳಿಯಬೇಕು?

ನಿನ್ನ ಹತ್ತಿರ ಇರುವುದರಲ್ಲಿ ಬಂಗಾರ ಅಂದರೆ ಆ ಶೇಂಗಾ ಬಳ್ಳಿ. ಎಲೆ ಉದುರದೆ ಉಳಿದಿದ್ದರೆ ಅದರ ಪ್ರೋಟೀನು 10ರ ಆಸುಪಾಸು ಇರುತ್ತದೆ. ಅದನ್ನು ಎಲ್ಲರಿಗೂ ಹಂಚಿ ಮುಗಿಸಬೇಡ. ಗಬ್ಬದ 22 ಕುರಿಗೆ ಮಾತ್ರ ಎತ್ತಿಡು. ಒಂದೊಂದಕ್ಕೆ ದಿನಕ್ಕೆ ಅರ್ಧ ಕೆಜಿ ಬಳ್ಳಿ, ಅರ್ಧ ಕೆಜಿ ತಿನ್ನುವಂಥ ಸೊಪ್ಪೆ, 150 ಗ್ರಾಂ ಶೇಂಗಾ ಹಿಂಡಿ. ದಿನಕ್ಕೆ 11 ಕೆಜಿ ಬಳ್ಳಿ, 50 ದಿನಕ್ಕೆ ಐದೂವರೆ ಕ್ವಿಂಟಲ್ ಆಯಿತು, ಈದ ಮೇಲೂ ಹಾಲಿಗೆ ಉಳಿಯುತ್ತದೆ. ಹಿಂಡಿ ದಿನಕ್ಕೆ ಮೂರು ಕಾಲು ಕೆಜಿ ಸಾಕು, ಎಲ್ಲ ಕುರಿಗಳಿಗೂ ಕೊಳ್ಳುವ ಕೆಲಸವಿಲ್ಲ. ಹಿಂಡಿಯನ್ನು ಒಡೆದು ಮೂಸಿ ನೋಡು. ಮುಗ್ಗಲು ವಾಸನೆ ಬಂದರೆ, ಒಳಗೆ ಹಸಿರುಬೂದು ಬೂಷ್ಟು ಕಂಡರೆ ಮುಟ್ಟಬೇಡ. ಅದರ ವಿಷ ಲಿವರಿಗೆ ಹೋಗುತ್ತದೆ.

ಬಳ್ಳಿಯನ್ನು ಬಣವೆಯಿಂದ ಎಳೆದು ಕಿತ್ತರೆ ಎಲೆಯೆಲ್ಲ ಪುಡಿಯಾಗಿ ನೆಲದ ಪಾಲಾಗುತ್ತದೆ. ಸತ್ವ ಇರುವುದು ಎಲೆಯಲ್ಲಿ, ದಂಟಿನಲ್ಲಿ ಅಲ್ಲ. ಬೆಳಿಗ್ಗೆ ಇಬ್ಬನಿಯ ತೇವ ಇರುವಾಗಲೇ ಮೇಲಿನಿಂದ ಪದರ ಪದರವಾಗಿ ಎತ್ತು, ಕೆಳಗೆ ತಾಡಪಾಲು ಹಾಸಿರಲಿ. ತಾಡಪಾಲಿನ ಮೇಲೆ ಉಳಿದ ಪುಡಿಯನ್ನು ನಾನು ಗೋದಲಿಯಲ್ಲಿ ಹಿಂಡಿಯ ಜೊತೆ ಕಲಸಿ ಹಾಕುತ್ತೇನೆ, ಕುರಿ ನೆಕ್ಕಿ ನೆಕ್ಕಿ ತಿನ್ನುತ್ತವೆ. ಬಳ್ಳಿಯ ಬೇರಿಗೆ ಮಣ್ಣು ಅಂಟಿದ್ದರೆ ಕೊಡವಿ ಹಾಕು.

ಸೊಪ್ಪೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಎಲ್ಲರೂ ಸಣ್ಣಗೆ ಕತ್ತರಿಸಿ ಹಾಕು ಎನ್ನುತ್ತಾರೆ. ಸೊಪ್ಪೆ ಕಡಿಮೆಯಿದ್ದರೆ ಅದು ಸರಿ. ನಿನಗೆ ದೊಡ್ಡ ಬಣವೆಯೇ ಇದೆ. ಗಬ್ಬದವಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಹಾಕು, ಎಲೆ, ತೆನೆಯ ಸಿಪ್ಪೆ, ತುದಿ ಆರಿಸಿ ತಿಂದು ದಂಟು ಬಿಡಲಿ. ಬಿಟ್ಟ ದಂಟನ್ನು ಬಲವಂತದಿಂದ ತಿನ್ನಿಸಬೇಡ. ಕುರಿಗೆ ಆರಿಸುವ ಬಾಯಿ ಇದೆ, ಅದನ್ನು ಉಪಯೋಗಿಸಿಕೊಳ್ಳಬೇಕು.

ತೊಗರಿ ಹೊಟ್ಟು ಗಬ್ಬವಿಲ್ಲದ ಕುರಿಗಳಿಗೆ, ಸೊಪ್ಪೆಯ ಜೊತೆ.

ಕೊನೆಗೆ ಒಂದು ಕೆಲಸ. ಇವತ್ತು ರಾತ್ರಿ ಒಂದೊಂದೇ ಕುರಿಯನ್ನು ಹಿಡಿದು, ಕೊನೆಯ ಪಕ್ಕೆಲುಬು ದಾಟಿದ ಕಡೆ ಬೆನ್ನಿನ ಮೇಲೆ ಅಂಗೈ ಇಡು. ಹೆಬ್ಬೆರಳು ನಡುಮೂಳೆಯ ಮೇಲೆ, ಉಳಿದ ಬೆರಳು ಪಕ್ಕದ ಚಪ್ಪಟೆ ಮೂಳೆಯ ತುದಿಗೆ. ನಡುಮೂಳೆ ಗರಗಸದ ಹಲ್ಲಿನ ಹಾಗೆ ಚುಚ್ಚಿ, ಬೆರಳ ತುದಿ ಪಕ್ಕದ ಮೂಳೆಯ ಅಡಿಗೆ ಸಲೀಸಾಗಿ ನುಗ್ಗಿದರೆ ಅದು ತೀರಾ ಸೊರಗಿದೆ. ಒತ್ತಿದರೆ ಮಾತ್ರ ಮೂಳೆ ಸಿಗುವಂತಿದ್ದರೆ ಪರವಾಗಿಲ್ಲ. ಉಣ್ಣೆ ದಟ್ಟ ಇದ್ದಾಗ ಕಣ್ಣು ನಂಬಬೇಡ, ಕೈ ನಂಬು. ಸೊರಗಿದವನ್ನು ಬೇರೆ ಕಟ್ಟು, ಇಲ್ಲದಿದ್ದರೆ ಗಟ್ಟಿ ಕುರಿಗಳು ಅವನ್ನು ಗೋದಲಿಯಿಂದ ತಳ್ಳಿಬಿಡುತ್ತವೆ.

ಹೊಸಹಟ್ಟಿ:

ಅಕ್ಕಾ, ಕೈ ಮುಗಿಯುತ್ತೇನೆ. ಹೊಲಕ್ಕೆ ಬಿಡಲಿಲ್ಲ. ಇವತ್ತು ಮನೆಯವರೆಲ್ಲ ಸೇರಿ ತೆನೆ ಆರಿಸಿದೆವು, 3 ಚೀಲ ಸಿಕ್ಕಿತು. ಇಷ್ಟನ್ನೂ ಕುರಿಗಳೇ ತಿಂದಿದ್ದರೆ ಎಂದು ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಟಾರ್ಚ್ ಹಿಡಿದು 38ನ್ನೂ ಮುಟ್ಟಿ ನೋಡಿದೆ. ಗಬ್ಬದ 22ರಲ್ಲಿ 9ಕ್ಕೆ ನೀವು ಹೇಳಿದ ಗರಗಸವೇ. ಚೆನ್ನಾಗಿದೆ ಎಂದುಕೊಂಡಿದ್ದ ಬಿಳಿ ಕುರಿಯೂ ಅದರಲ್ಲಿ ಒಂದು, ಉಣ್ಣೆಯಲ್ಲಿ ಗೊತ್ತೇ ಆಗಿರಲಿಲ್ಲ. ಒಂಬತ್ತನ್ನೂ ಬೇರೆ ಮಾಡಿದ್ದೇನೆ.

ಒಂದು ಸಂಶಯ. ಅವುಗಳಲ್ಲಿ ಒಂದು, ತುಂಬ ದೊಡ್ಡ ಹೊಟ್ಟೆಯದು, ನಿನ್ನೆಯಿಂದ ಬೇರೆ ಕುರಿಗಳ ಜೊತೆ ಸೇರುತ್ತಿಲ್ಲ. ಬಳ್ಳಿ ಹಾಕಿದರೂ ಮೂಸಿ ಬಿಡುತ್ತದೆ. ಗೋಡೆಗೆ ತಲೆ ಆನಿಸಿ ನಿಲ್ಲುತ್ತದೆ. ಹತ್ತಿರ ಹೋದರೂ ಕಣ್ಣು ಮಿಟುಕಿಸುವುದಿಲ್ಲ. ಸುಸ್ತು ಇರಬಹುದಾ?

ಹಿಂಡಿನ ಹಿಂದೆ:

ಸುಸ್ತಲ್ಲ ತಮ್ಮಾ. ಅವಳಿ ಹೊತ್ತ ಕುರಿಗೆ ಮೇವು ಸಾಲದೆ, ತನ್ನ ಮೈಯ ಕೊಬ್ಬನ್ನೇ ಅವಸರದಿಂದ ಕರಗಿಸಿಕೊಂಡಾಗ ಹೀಗಾಗುತ್ತದೆ. ಆ ಕೊಬ್ಬು ಕರಗಿದ ವಿಷ ರಕ್ತಕ್ಕೇರಿ ಕಣ್ಣು ಮಂಜಾಗುತ್ತದೆ. ಬೆಳಗಾಗಲಿ ಎನ್ನಬೇಡ, ಈಗಲೇ ಪಶುವೈದ್ಯರಿಗೆ ಫೋನ್ ಮಾಡು. "ತುಂಬು ಗಬ್ಬ, ತಿನ್ನುತ್ತಿಲ್ಲ, ತಲೆ ಆನಿಸುತ್ತಿದೆ" ಅಂತ ಇದೇ ಮಾತು ಹೇಳು, ಅವರಿಗೆ ಅರ್ಥವಾಗುತ್ತದೆ.

ತರಕಾರಿಮಡಿ:

ಎಲೆಕೋಸಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಾನು ತರಕಾರಿ ಬೆಳೆಯುವವನು, ಉಳಿದದ್ದು ನನ್ನ 15 ಕುರಿಗೆ.

ಒಂದು ಗಾಡಿ ಎಲೆ ಅಂದರೆ ಹೆಚ್ಚಿನ ಪಾಲು ನೀರು. 10 ಕೆಜಿ ಎಲೆ ಒಣಗಿಸಿದರೆ ಉಳಿಯುವುದು 1 ಕೆಜಿಯ ಆಸುಪಾಸು. ಹೊಟ್ಟೆ ತುಂಬಿಸಲು ಅದನ್ನು ನಂಬಿದರೆ ಕುರಿ ಸೊರಗುತ್ತದೆ. ಆದರೆ ಒಣ ಮೇವು ತಿಂದು ಬೇಸತ್ತ ಕುರಿಗೆ ಸಂಜೆ ಒಂದೆರಡು ಕೆಜಿ ಬಾಡಿಸಿದ ಎಲೆ ಸಿಕ್ಕರೆ ಮೇವೆಲ್ಲ ಚೆನ್ನಾಗಿ ಅರಗುತ್ತದೆ, ಎಲೆಯಲ್ಲಿ ಪ್ರೋಟೀನೂ ಇದೆ. ಹಸಿದ ಹೊಟ್ಟೆಗೆ ಹಾಕಿದರೆ ಹೊಟ್ಟೆ ಉಬ್ಬರ ಬರುವ ಭಯ ಇದೆ. ಮೊದಲು ಒಣಹುಲ್ಲು, ಆಮೇಲೆ ಎಲೆ. ಕೋಸು, ಹೂಕೋಸು, ಮೂಲಂಗಿ ಎಲೆ ಇವೆಲ್ಲ ಒಂದೇ ಜಾತಿಯವು. ವಾರಗಟ್ಟಲೆ ಅದನ್ನೇ ಹೆಚ್ಚಾಗಿ ತಿಂದರೆ ರಕ್ತದ ಕೆಂಪು ಕಣಗಳು ಒಡೆದು ರಕ್ತ ಕಡಿಮೆಯಾಗುತ್ತದೆ, ಗಬ್ಬದ ಕುರಿಯ ಮರಿಗೆ ಗಂಟಲಗಡ್ಡೆಯೂ ಬರಬಹುದು. ಒಟ್ಟು ಒಣ ಲೆಕ್ಕದಲ್ಲಿ ಮೂರರಲ್ಲೊಂದು ಪಾಲು ದಾಟಿಸಬೇಡಿ.

ಎಲೆ ಕೊಡುವವರನ್ನು ಕೇಳಲೇಬೇಕಾದ ಮಾತು: ಔಷಧಿ ಹೊಡೆದು ಎಷ್ಟು ದಿನವಾಯಿತು, ಯಾವ ಔಷಧಿ, ಡಬ್ಬದ ಮೇಲೆ ಎಷ್ಟು ದಿನ ಕಾಯಬೇಕೆಂದು ಬರೆದಿದೆ. ಹೊರಗಿನ ಎಲೆಯ ಮೇಲೇ ಔಷಧಿ ಹೆಚ್ಚು ಕೂತಿರುತ್ತದೆ, ನಿಮಗೆ ಬರುವುದೂ ಅದೇ ಎಲೆ. ನಾನು ಬೇರೆಯವರ ಹೊಲದ್ದನ್ನು ಕೇಳದೆ ಎತ್ತುವುದೇ ಇಲ್ಲ.

ಆಲೂಗಡ್ಡೆ ಹಸಿರಾಗಿದ್ದರೆ, ಮೊಳಕೆ ಬಂದಿದ್ದರೆ ಬೇಡ. ಕ್ಯಾರೆಟ್, ಬೀಟ್‌ರೂಟ್ ಇಡಿಯಾಗಿ ಹಾಕಬೇಡಿ, ಗಂಟಲಲ್ಲಿ ಸಿಕ್ಕಿಕೊಂಡು ಒಂದು ಒಳ್ಳೆಯ ಕುರಿ ನನ್ನ ಕಣ್ಣೆದುರೇ ಒದ್ದಾಡಿ ಹೋಯಿತು. ಉದ್ದುದ್ದ ಸೀಳಿ ಹಾಕುತ್ತೇನೆ ಈಗ. ಹೊರೆ ಕಟ್ಟಿದ ಪ್ಲಾಸ್ಟಿಕ್ ಹುರಿಯನ್ನು ಎಣಿಸಿ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಅದು ಹೊಟ್ಟೆಯಲ್ಲಿ ಸೇರಿ ಸೇರಿ ಉಂಡೆಯಾಗುತ್ತದೆ, ಹೊರಗೆ ಬರುವುದಿಲ್ಲ.

ಬಣವೆಮನೆ:

ಭತ್ತದ ಹುಲ್ಲು ಅರ್ಧ ಬಣವೆ ಇದೆ ಅಂದಿರಿ. ಗಬ್ಬದವು ಬಿಟ್ಟು ಉಳಿದ ಕುರಿಗಳಿಗೆ ಅದನ್ನು ಯೂರಿಯಾದಲ್ಲಿ ಪಕ್ವ ಮಾಡಿ ಹಾಕಿ. ನಾವು ಹತ್ತು ವರ್ಷದಿಂದ ಮಾಡುತ್ತಿದ್ದೇವೆ.

100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರು. ತಕ್ಕಡಿ ಇಟ್ಟುಕೊಂಡೇ ಮಾಡಿ, ಕಣ್ಣಂದಾಜು ಬೇಡ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, 20 ಕೆಜಿ ಹುಲ್ಲು ಹರಡಿ, ಕರಗಿಸಿದ ನೀರನ್ನು ಗಿಡಕ್ಕೆ ನೀರು ಹಾಕುವ ಝಾರಿಯಿಂದ ಸಮನಾಗಿ 10 ಲೀಟರ್ ಚಿಮುಕಿಸಿ, ಮೇಲೆ ಹತ್ತಿ ತುಳಿಯಿರಿ. ಹೀಗೆ ಐದು ಪದರ. ಗಾಳಿಯಾಡದಂತೆ ಮುಚ್ಚಿ ಅಂಚಿಗೆ ಮಣ್ಣು ಹಾಕಿ 21 ದಿನ ಬಿಡಿ. ಯೂರಿಯಾ ಒಡೆದು ಅಮೋನಿಯ ಆಗುತ್ತದೆ, ಅದು ಹುಲ್ಲಿನ ಗಟ್ಟಿ ನಾರನ್ನು ಸಡಿಲಿಸುತ್ತದೆ, ಪ್ರೋಟೀನು 4ರಿಂದ 7–8ಕ್ಕೆ ಏರುತ್ತದೆ. ತೆರೆದಾಗ ಹುಲ್ಲು ಜೇನಿನ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಕೆಲಸ ಆಗಿದೆ. ಕಣ್ಣು ಉರಿಯುವಷ್ಟು ಘಾಟು ಇರುತ್ತದೆ. ಆ ದಿನ ಬೇಕಾದಷ್ಟನ್ನು ಹೊರತೆಗೆದು ಒಂದು ದಿನ ಗಾಳಿಗೆ ಹರಡಿ ಆಮೇಲೆ ಹಾಕಿ. ಬಿಳಿ ಬೂಷ್ಟು ಬಂದ ಭಾಗ ಎಸೆಯಿರಿ.

ಮೊದಲ ವಾರ ಒಂದೊಂದು ಹಿಡಿ. ಮೆಲುಕು ಹಾಕಲು ಕಲಿಯದ ಮರಿಗೆ ಕೊಡಲೇಬೇಡಿ. ಹಸಿ ಯೂರಿಯಾ ಚೀಲ, ಕರಗಿಸಿದ ನೀರಿನ ಬಕೆಟ್ಟು ಕುರಿಗೆ ಎಟುಕುವ ಜಾಗದಲ್ಲಿ ಒಂದು ಕ್ಷಣವೂ ಇರಬಾರದು. ಕುಡಿದರೆ ಅರ್ಧ ಗಂಟೆಯಲ್ಲೇ ಮೈ ನಡುಗಿ, ಬಾಯಲ್ಲಿ ನೊರೆ ಬಂದು, ಹೊಟ್ಟೆ ಉಬ್ಬಿ ಬೀಳುತ್ತದೆ. ವಿನೆಗರ್ ತಣ್ಣೀರಿನಲ್ಲಿ ಕಲಸಿ ಕುಡಿಸಿ ಡಾಕ್ಟರಿಗಾಗಿ ಓಡಬೇಕಾಗುತ್ತದೆ. ನಾನು ಮನೆಯ ಮಕ್ಕಳನ್ನೂ ಆ ದಿನ ಹತ್ತಿರ ಬಿಡುವುದಿಲ್ಲ.

ಟಗರುಗಳಿಗೆ ಬೂಸಾ, ತವುಡು, ಕಾಳು ಜಾಸ್ತಿ ಹಾಕಬೇಡಿ. ರಂಜಕ (ಫಾಸ್ಫರಸ್) ಹೆಚ್ಚಾಗಿ ಮೂತ್ರದ ದಾರಿಯಲ್ಲಿ ಕಲ್ಲು ಕಟ್ಟುತ್ತದೆ. ಉಪ್ಪು, ನೀರು ಯಾವಾಗಲೂ ಸಿಗಬೇಕು. ಕೋಳಿ ಅಥವಾ ದನದ ಖನಿಜ ಮಿಶ್ರಣ ಕುರಿಗೆ ಬೇಡ, ಅದರಲ್ಲಿರುವಷ್ಟು ತಾಮ್ರ ಕುರಿಯ ಲಿವರ್ ತಡೆಯುವುದಿಲ್ಲ. ಕುರಿಯದ್ದೇ ಕೇಳಿ ತನ್ನಿ. ಪಕ್ಕದಲ್ಲಿ ಬಿಳಿಜೋಳದ ಹೊಲ ಇದ್ದರೆ, ಕೊಯ್ದ ಮೇಲೆ ಚಿಗುರುವ ಕೂಳೆಯ ಹತ್ತಿರ ಬಿಡಬೇಡಿ. ಎಳೆ ಚಿಗುರಿನಲ್ಲಿ ಸಯನೈಡ್ ಇರುತ್ತದೆ, ನಿಂತ ಜಾಗದಲ್ಲೇ ಬೀಳುತ್ತವೆ.

ಹೊಸಹಟ್ಟಿ:

ನಾಲ್ಕು ವಾರ ಕಳೆಯಿತು, ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

ಅಕ್ಕ ಹೇಳಿದ ರಾತ್ರಿಯೇ ಡಾಕ್ಟರ್ ಬಂದರು. ಗ್ಲೂಕೋಸ್ ಏರಿಸಿ, ಮೈಗೆ ಬೇಗ ಶಕ್ತಿ ಕೊಡುವ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವ ಕೊಟ್ಟು ದಿನಕ್ಕೆರಡು ಸಲ ಬಾಯಿಗೆ ಹಾಕಲು ಹೇಳಿದರು. ಮೂರನೇ ದಿನ ಒಂದು ಬಳ್ಳಿಯ ಎಲೆ ಬಾಯಿಗೆ ತೆಗೆದುಕೊಂಡಿತು, ಅದನ್ನು ಅಗಿಯುವುದನ್ನೇ ನೋಡುತ್ತ ಕೂತಿದ್ದೆ. ಹನ್ನೊಂದನೇ ದಿನ ಅವಳಿ ಈದಿತು. ಒಂದು ಸತ್ತೇ ಹುಟ್ಟಿತು, ಒಂದು ಬದುಕಿದೆ. ತಾಯಿಯೂ ಇದೆ.

ಅದನ್ನೂ ಸೇರಿಸಿ ಇಲ್ಲಿವರೆಗೆ 8 ಕುರಿ ಈದಿವೆ. ಬದುಕಿರುವ ಮರಿ 9, ಎಲ್ಲವೂ ತಾವಾಗಿಯೇ ಎದ್ದು ಮೊಲೆ ಹಿಡಿದವು. ಕೆಚ್ಚಲಿನಲ್ಲಿ ಹಾಲಿದೆ. ಬಿಳಿ ಕುರಿಯ ಬೆನ್ನು ಇನ್ನೂ ಚೂಪೇ, ಆದರೆ ಬೆರಳು ಮೂಳೆಯ ಅಡಿಗೆ ಮೊದಲಿನಷ್ಟು ಹೋಗುತ್ತಿಲ್ಲ. ಎಲೆಕೋಸು ಮಾತ್ರ ಬಿಟ್ಟೆ, ಔಷಧಿ ಹೊಡೆದ ದಿನ ಸರಿಯಾಗಿ ಹೇಳಲಿಲ್ಲ.

ಹುಲ್ಲಿಗೆ ಯೂರಿಯಾ ಹಾಕಿ ಮುಚ್ಚಿ ಇವತ್ತಿಗೆ 20 ದಿನ. ಬಣವೆಮನೆಯವರೇ, ಒಂದು ಮೂಲೆಯಲ್ಲಿ ಇಲಿ ಹಾಳೆಯನ್ನು ಕಡಿದಿದೆ, ಅಂಗೈಯಗಲ ತೂತು. ಆ ಮೂಲೆಯನ್ನಷ್ಟೇ ತೆಗೆದರೆ ಸಾಕಾ, ಇನ್ನೂ ಒಳಗೆ ನೋಡಬೇಕಾ?

ಬಣವೆಮನೆ:

ತೂತಿನಿಂದ ಒಳಗೆ ಕೈ ಹಾಕಿ. ಘಾಟು ಇಲ್ಲದ, ಬಣ್ಣ ತಿರುಗದ ಹುಲ್ಲು ಎಲ್ಲಿವರೆಗೆ ಸಿಗುತ್ತದೋ ಅಲ್ಲಿವರೆಗೂ ತೆಗೆಯಿರಿ. ಅದರಲ್ಲಿ ಬಿಳಿ ಎಳೆ ಕಂಡರೆ ತಿಪ್ಪೆಗೆ. ಒಳಗಿನದು ಕಂದಾಗಿದ್ದರೆ ನಾಳೆ ಬೆಳಿಗ್ಗೆ ತೆರೆದು ಹರಡಿ, ನಾಡಿದ್ದಿಗೆ ಒಂದೊಂದು ಹಿಡಿಯಿಂದ ಶುರುಮಾಡಿ.